ನೀಲಗಂಗವ್ವ ತಿನ್ನದ ಚಿಟಿಕೆ

ಕೇಳಿರಿ, ಕಾಲದ ಆಚೆ ದಂಡೆಯಲ್ಲಿ ನೆರೆದ ಮಹಾಜನರೇ. ಮುಂದೆ ಜಮಖಾನೆಯ ಮೇಲೆ ಕಾಲು ಚಾಚಿ ಕೂತ ಹಿರಿಯರೇ, ನಡುವೆ ಕುರ್ಚಿಗಾಗಿ ಜಗಳ ತೆಗೆದ ಸಾಹುಕಾರರೇ, ಹಿಂದೆ ತಟ್ಟಿ ಸರಿಸಿ ಟಿಕೀಟಿಲ್ಲದೆ ನುಸುಳಿದ ನನ್ನ ಅಚ್ಚುಮೆಚ್ಚಿನ ಕಳ್ಳರೇ, ಕೂಸನ್ನು ತೊಡೆಯ ಮೇಲೆ ತಟ್ಟುತ್ತಲೇ ಕಣ್ಣನ್ನು ರಂಗದ ಮೇಲಿಟ್ಟ ತಾಯಂದಿರೇ, ನಿಮಗೆಲ್ಲ ಶರಣು. ಮಲಪ್ರಭಾ ವಿಲಾಸ ನಾಟಕ ಮಂಡಳಿಯ ಮಾಲೀಕ, ರಾಜಪಾರ್ಟಿನ ಅಡಿವೆಪ್ಪ ಮೆಣಸಗಿ ನಿಮ್ಮ ಮುಂದೆ ನಿಂತಿದ್ದೇನೆ. ನಮ್ಮಿಬ್ಬರ ನಡುವಿನ ಪರದೆ ಬಟ್ಟೆಯದಲ್ಲ, ನೂರಾ ತೊಂಬತ್ತು ವರ್ಷದ್ದು. ಆದರೂ ನನ್ನ ಗಂಟಲು ದೊಡ್ಡದು. ಮೈಕು ಕೆಟ್ಟ ದಿನ ಕಡೆಯ ಸಾಲಿನ ಕಿವುಡನಿಗೂ ಮುಟ್ಟಿದ ಗಂಟಲು. ನಿಮಗೂ ಮುಟ್ಟೀತು.

ಇವತ್ತು ೨೨೧೪ನೆಯ ಇಸವಿ, ಫೆಬ್ರವರಿ ಮೂವತ್ತು. ನಗಬೇಡಿ, ಲೆಕ್ಕ ತಪ್ಪಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಮೇ ತಿಂಗಳನ್ನು ಯಾರೂ ತಡೆಯಲಾರರೆಂದು ಅದರಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಹೊಲಿದರು. ಬಿಸಿಲು ಒಂದು ದಿನವೂ ಕಡಿಮೆಯಾಗಲಿಲ್ಲ, ತಿಂಗಳು ಮಾತ್ರ ಗಿಡ್ಡವಾಯಿತು. ಹೀಗೆ ನಮ್ಮ ಪಂಚಾಂಗವೂ ನಿಮಗೆ ಅಪರಿಚಿತ, ನಮ್ಮ ಮಾತುಗಳೂ ಅಪರಿಚಿತ. ನಿಮ್ಮ ಕಿವಿಗೆ ಒರಟಾಗಿ ತಾಗುವ ಶಬ್ದಗಳು ಈ ಓಲೆಯಲ್ಲಿ ಬರುತ್ತವೆ, ಕ್ಷಮಿಸಬೇಕು. ಹೊಸ ಪಾತ್ರ ರಂಗಕ್ಕೆ ಬಂದಾಗ ಹೆಸರು ಹೇಳಿ ಪರಿಚಯಿಸುವುದು ನಮ್ಮ ಮನೆತನದ ರೂಢಿ. ಒಂದೊಂದನ್ನೂ ಪರಿಚಯಿಸುತ್ತ ಹೋಗುತ್ತೇನೆ.

ಮೊದಲನೆಯದು, ಹಿಂದೋಲೆ. ನಮ್ಮ ಸೀಮೆಯಲ್ಲಿ ಯಾರಾದರೂ ಉಸಿರುಬ್ಯಾನಿಯಿಂದ ತೀರಿಕೊಂಡರೆ, ಹನ್ನೊಂದನೆಯ ದಿನ ಆ ಮನೆಯ ಹಿರಿಯ ತನಗಿಂತ ಮೊದಲಿನವರಿಗೆ ಒಂದು ಓಲೆ ಬರೆದು ಊರ ಮುಂದೆ ಓದಬೇಕು. ಓದಿದ ಮೇಲೆ ಅದನ್ನು ಗಡಿಗೆಯಲ್ಲಿಟ್ಟು ಹೊಲದಲ್ಲಿ ಹೂಳುತ್ತೇವೆ. ಮಣ್ಣು ಮುಂದಕ್ಕೂ ಓದುತ್ತದೆ, ಹಿಂದಕ್ಕೂ ಓದುತ್ತದೆ ಎಂಬುದು ನಮ್ಮವರ ನಂಬಿಕೆ. ಉಸಿರುಬ್ಯಾನಿ ಎಂದರೆ ನಿಮಗೆ ಹೊಸತಲ್ಲ. ಮೂಗು ಬಾಯಿಗಳಿಂದ ಒಳಹೊಕ್ಕು ಎದೆಗೆ ಇಳಿಯುವ, ಕಣ್ಣಿಗೆ ಕಾಣದ ಆ ವೈರಿಯನ್ನು ನೀವೂ ಕಂಡವರು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿದವರು ಎಂದು ಕೇಳಿದ್ದೇನೆ. ಅದರ ಮರಿಮಕ್ಕಳು ನಮ್ಮಲ್ಲಿ ವರ್ಷಕ್ಕೊಮ್ಮೆ, ಗಾಳಿ ದಿಕ್ಕು ಬದಲಿಸುವ ಮಾರ್ಚಿನಲ್ಲಿ, ತಪ್ಪದೆ ಬರುತ್ತವೆ. ಈ ವರ್ಷ ಒಂದು ತಿಂಗಳು ಮೊದಲೇ ಇಣುಕಿ, ನಮ್ಮ ಮಂಡಳಿಯಿಂದ ಒಬ್ಬಳನ್ನು ಎತ್ತಿಕೊಂಡು ಹೋಯಿತು. ಅವಳು ನನ್ನ ಹೆಂಡತಿ ನೀಲಗಂಗವ್ವ. ಇವತ್ತು ಹತ್ತನೆಯ ದಿನ. ನಾಳೆ ಈ ಓಲೆಯನ್ನು ನಾನು ಓದಬೇಕು, ಎದುರಿಗೆ ನನ್ನ ಮಗಳು ಸುವ್ವಿ ಕೂತಿರುತ್ತಾಳೆ. ಅದಕ್ಕೇ ಒಂದೊಂದು ಸಾಲನ್ನೂ ಎರಡೆರಡು ಸಲ ಹೊಡೆದುಹಾಕಿ ಬರೆಯುತ್ತಿದ್ದೇನೆ, ನಲವತ್ತು ವರ್ಷ ರಾಜನಾದವನು.

ನಾವು ಬದುಕುವ ಬಗೆಯನ್ನು ಸ್ವಲ್ಪ ಹೇಳುತ್ತೇನೆ, ಇಲ್ಲವಾದರೆ ನಡೆದದ್ದು ನಿಮಗೆ ತಿಳಿಯುವುದಿಲ್ಲ. ರೋಣದ ಊರಹೊರಗೆ ನೆಲದೊಳಗೆ ಕೊರೆದ ದೊಡ್ಡ ಪಡಸಾಲೆಯಿದೆ, ಅದಕ್ಕೆ ತಂಪುಮನೆ ಎನ್ನುತ್ತೇವೆ. ಬೆಳಿಗ್ಗೆ ಹತ್ತಕ್ಕೆ ಊರಿಗೆ ಊರೇ ಅದರೊಳಗೆ ಇಳಿಯುತ್ತದೆ, ಸಂಜೆ ಐದಕ್ಕೆ ಮೇಲೆ ಬರುತ್ತದೆ. ಹೊಲದ ಕೆಲಸವೆಲ್ಲ ನಸುಕಿನಲ್ಲಿ, ಮುಚ್ಚಂಜೆಯಲ್ಲಿ. ನಿಮ್ಮ ಕಾಲದಲ್ಲಿ ನಾಟಕವೆಂದರೆ ರಾತ್ರಿಯಿಡೀ ನಡೆಯುತ್ತಿತ್ತಂತೆ. ನಮ್ಮದು ಮಟಮಟ ಮಧ್ಯಾಹ್ನದ ನಾಟಕ. ಹೊರಗೆ ಹೋಗಲಾರದ ಐದು ಸಾವಿರ ಜನ ನೆಲದಡಿಯಲ್ಲಿ ಕೂತಿರುವಾಗ ಅವರಿಗೆ ಬೇಸರ ಬಾರದಂತೆ ನೋಡಿಕೊಳ್ಳುವುದೇ ನಮ್ಮ ಕಸುಬು. ಪ್ರೇಕ್ಷಕರು ಎದ್ದು ಹೋಗುವ ಭಯ ನಮಗಿಲ್ಲ; ಎದ್ದರೆ ಬಿಸಿಲು ಹಿಡಿದು ಕೂರಿಸುತ್ತದೆ. ಆದರೆ ಮೆಚ್ಚದಿದ್ದರೆ ಅಲ್ಲೇ ಮಗ್ಗುಲಾಗಿ ಗೊರಕೆ ಹೊಡೆಯುತ್ತಾರೆ, ಅದು ಚಪ್ಪಲಿ ಎಸೆತಕ್ಕಿಂತ ದೊಡ್ಡ ಅವಮಾನ. ಬಾಗಲಕೋಟೆ, ಇಳಕಲ್ಲು, ನರಗುಂದ, ಹೀಗೆ ಒಂದೊಂದು ತಂಪುಮನೆಯಲ್ಲಿ ಎರಡೆರಡು ತಿಂಗಳು ಕ್ಯಾಂಪು. ನಮ್ಮ ಹೆಸರುವಾಸಿ ಆಟ 'ಏಳು ಬಾಗಿಲ ಕೋಟೆ'. ವೈರಿ ಜಂಗಮನ ವೇಷ ಹಾಕಿ ಕೋಟೆಗೆ ನುಗ್ಗುತ್ತಾನೆ, ರಾಜ ಅರಮನೆಯಲ್ಲಿ ಮೈಮರೆತಿರುತ್ತಾನೆ, ರಾಣಿ ಏಳು ಬಾಗಿಲನ್ನೂ ಒಬ್ಬಳೇ ಹಾಡುತ್ತ ಹಾಡುತ್ತ ಮುಚ್ಚುತ್ತ ಬರುತ್ತಾಳೆ. ರಾಜ ನಾನು. ರಾಣಿ ನೀಲಗಂಗವ್ವ.

ಇನ್ನು ಊಟದ ಮಾತು. ನಮ್ಮ ಜೋಳ, ನಮ್ಮ ಅಕ್ಕಿ, ನಮ್ಮ ತೊಗರಿ ನೋಡಲು ನಿಮ್ಮದಕ್ಕಿಂತ ದಪ್ಪ. ಒಂದು ಕಾಳು ಹಿಡಿದರೆ ಬೆರಳ ತುದಿ ತುಂಬುತ್ತದೆ. ಆದರೆ ಅದು ರಾಜನ ವೇಷ ಹಾಕಿದ ಬಡವ. ಗಾಳಿಯಲ್ಲಿ ಹೊಗೆ ಹೆಚ್ಚಾದಂತೆಲ್ಲ ಬೆಳೆ ಹಿಟ್ಟನ್ನು ತುಂಬಿಕೊಂಡಿತು, ಸತುವನ್ನು, ನೀವು ಜಿಂಕ್ ಎನ್ನುತ್ತಿದ್ದ ಲೋಹವನ್ನು, ಬಿಟ್ಟುಕೊಟ್ಟಿತು. ಮಣ್ಣಿನಲ್ಲಿಯೂ ಅದು ಕಡಿಮೆಯಾಗುತ್ತ ಬಂದಿತ್ತು. ನೀವು ವರ್ಷಕ್ಕೆ ಮೂರು ಬೆಳೆ ತೆಗೆದಿರಿ, ಮಣ್ಣು ಕೊಟ್ಟಿತು, ಕೊಟ್ಟದ್ದನ್ನು ಯಾರೂ ಮರಳಿ ಹಾಕಲಿಲ್ಲ. ಬೈಯುತ್ತಿಲ್ಲ. ನಾವೂ ನಿಮ್ಮ ಮಕ್ಕಳೇ. ಹೀಗಾಗಿ ನಮಗೆ ದಿನಕ್ಕೊಂದು ಚಿಟಿಕೆ. ಅದು ಬೂದುಬಣ್ಣದ ಪುಡಿ. ಸತು ಇರುತ್ತದೆ, ಸೆಲೆನಿಯಂ ಎಂಬುದರ ಕಣವಿರುತ್ತದೆ, ಇನ್ನೂ ನಾಲ್ಕಾರು ಮಣ್ಣಿನ ಸಾರವಿರುತ್ತದೆ. ನಸುಕಿನಲ್ಲಿ ಅಂಬಲಿಗೆ ಉದುರಿಸಿ ಕುಡಿಯುವುದು. ನಾಲಿಗೆಗೆ ಹಳೇ ಬೀಗ ನೆಕ್ಕಿದ ರುಚಿ.

ಆ ಚಿಟಿಕೆ ಹಂಚುವವಳು ಮಣ್ಣಕ್ಕ. ಊರಿಗೊಬ್ಬಳು ಇರುತ್ತಾಳೆ, ಹೊಲದ ಮಣ್ಣನ್ನೂ ನೋಡುತ್ತಾಳೆ, ಜನರ ರಕ್ತವನ್ನೂ ನೋಡುತ್ತಾಳೆ, ಯಾಕೆಂದರೆ ಎರಡೂ ಒಂದೇ ಎಂದು ನಮಗೆ ತಡವಾಗಿ ಗೊತ್ತಾಯಿತು. ನಮ್ಮ ಪಾಲಿನ ಮಣ್ಣಕ್ಕ ದಾವಲಬಿ. ಐವತ್ತರ ಹೆಂಗಸು, ಸೊಂಟದಲ್ಲಿ ಒಂದು ಚೀಲ, ಬಾಯಿಯಲ್ಲಿ ಹರಿತವಾದ ನಾಲಿಗೆ. ನನ್ನನ್ನು ಕಾಕಾ ಎನ್ನುತ್ತಾಳೆ. ಸೂಜಿ ಕಂಡು ನಾನು ಹಿಂಜರಿದರೆ, ಕತ್ತಿ ಹಿಡಿದು ಲಕ್ಷ ಮಂದಿಯನ್ನು ಕೊಂದ ಮಹಾರಾಜರು ಇವರೇ ಏನು ಎಂದು ಹತ್ತು ಜನರ ಎದುರಿಗೆ ಕೇಳುತ್ತಾಳೆ. ಮೂರು ತಿಂಗಳಿಗೊಮ್ಮೆ ಮಂಡಳಿಯವರ ಬೆರಳು ಚುಚ್ಚಿ ರಕ್ತದಲ್ಲಿ ಸತು ಎಷ್ಟಿದೆ ಎಂದು ನೋಡುವುದು ಅವಳ ಕೆಲಸ. ಅವಳನ್ನು ನಾವು ಆರು ವರ್ಷ ಮೋಸಗೊಳಿಸಿದೆವು. ಅದನ್ನು ಮುಂದೆ ಹೇಳುತ್ತೇನೆ.

ನೀಲಗಂಗವ್ವನ ಕಂಠದ ಬಗ್ಗೆ ಏನು ಹೇಳಲಿ. ಅವಳು ಏಳನೆಯ ಬಾಗಿಲಿನ ಪದ ಎತ್ತಿದರೆ ತಂಪುಮನೆಯ ಕೂಸುಗಳು ಅಳು ನಿಲ್ಲಿಸುತ್ತಿದ್ದವು. ದೊಡ್ಡದಲ್ಲದ, ಆದರೆ ಎಲ್ಲಿಯೂ ಸೋರದ ದನಿ. ನಾನು ಗುಡುಗು, ಅವಳು ಅದರ ನಂತರ ಬೀಳುವ ಹನಿ. ಗುಡುಗಿಗೆ ಚಪ್ಪಾಳೆ ಜಾಸ್ತಿ, ಹನಿಯಿಂದಲೇ ಬೆಳೆ ಎಂದು ಹಾರ್ಮೋನಿಯಂ ನುಡಿಸುವ ನಮ್ಮ ಪೇಟಿ ಮಾಸ್ತರರು ನನ್ನನ್ನು ಹಂಗಿಸುತ್ತಿದ್ದರು. ನನಗೆ ಆ ಮಾತು ನಾಟುತ್ತಿತ್ತು. ಗಂಡನಿಗೆ ನಾಟಬಾರದು, ರಾಜಪಾರ್ಟಿನವನಿಗೆ ನಾಟುತ್ತದೆ.

ಆರು ವರ್ಷದ ಹಿಂದೆ ಇದೇ ರೋಣದಲ್ಲಿ ಕ್ಯಾಂಪು. ಮುಂದಿನ ಸಾಲಿನಲ್ಲಿ ದೊಡ್ಡ ದೊಡ್ಡ ಮಂದಿ ಕೂತಿದ್ದರು. ಏಳನೆಯ ಬಾಗಿಲಿನ ಪದದ ಕಡೆಯ ನುಡಿಯಲ್ಲಿ, ಎಲ್ಲಿ ದನಿ ಮೇಲಕ್ಕೆ ಹೋಗಿ ಅಲ್ಲಿಯೇ ನಿಲ್ಲಬೇಕೋ ಅಲ್ಲಿ, ನೀಲಗಂಗವ್ವನ ಕಂಠ ಒಡೆಯಿತು. ಗಾಜು ಒಡೆದ ಹಾಗಲ್ಲ. ಹಳೇ ಸೀರೆ ಹರಿದ ಹಾಗೆ, ಪರ್ರನೆ. ಹಿಂದಿನ ಸಾಲಿನಲ್ಲಿ ಯಾವನೋ ನಕ್ಕ. ಅವಳು ಪದ ಮುಗಿಸಿ ಒಳಗೆ ಬಂದು ಬಣ್ಣದ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಆಟ ಮುಗಿದ ಮೇಲೆ ಮಂಡಳಿಯವರೆಲ್ಲ ಸುತ್ತ ನಿಂತು, ಹೀಗೇಕಾಯಿತು ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ಎದೆ ಉಬ್ಬಿಸಿ, ಈ ದರಿದ್ರ ಚಿಟಿಕೆಯಿಂದಲೇ ಆಯಿತು, ಲೋಹ ತಾಗಿದ ಕಂಠ ಬಿರಿಯದೆ ಇರುತ್ತದೆಯೇ ಎಂದು ಸಾರಿದೆ. ಅವತ್ತು ಬೆಳಿಗ್ಗೆ ಅವಳು ಬರಿಹೊಟ್ಟೆಯಲ್ಲಿ ಚಿಟಿಕೆ ನುಂಗಿ ಓಕರಿಸಿದ್ದನ್ನು ಎಲ್ಲರೂ ಕಂಡಿದ್ದರು. ಸಾಕ್ಷಿ ಸಿಕ್ಕಿತು. ತಲೆಗಳು ತೂಗಿದವು.

ಅವತ್ತು ಹುಟ್ಟಿತು ನಮ್ಮ ಮಂಡಳಿಯ ಪದ್ಧತಿ. ಕ್ಯಾಂಪು ನಡೆಯುವಷ್ಟು ದಿನ ಹಾಡುವ ಕಂಠಕ್ಕೆ ಚಿಟಿಕೆ ತಾಗಬಾರದು. ಕ್ಯಾಂಪು ಎತ್ತಿದ ಮೇಲೆ ಬಿಟ್ಟದ್ದನ್ನೆಲ್ಲ ಸೇರಿಸಿ ಒಂದು ವಾರ ಚಮಚೆಗಟ್ಟಲೆ ತಿಂದರಾಯಿತು. ನಾಟಕದವರ ಬುದ್ಧಿ ಇದು: ಹಗಲು ತಪ್ಪಿದ ನಿದ್ದೆಯನ್ನು ಮಳೆಗಾಲದಲ್ಲಿ ಮಾಡಿದ ಹಾಗೆ, ತಪ್ಪಿದ ಊಟವನ್ನು ಜಾತ್ರೆಯಲ್ಲಿ ಉಂಡ ಹಾಗೆ. ಮಣ್ಣಕ್ಕ ರಕ್ತ ನೋಡಲು ಬರುವ ಮುಂಚಿನ ವಾರವೂ ಎಲ್ಲರೂ ತಿನ್ನುತ್ತಿದ್ದೆವು. ವೇಷ ಕಟ್ಟುವುದನ್ನು ನಮಗೆ ಕಲಿಸಬೇಕೇ? ರಕ್ತಕ್ಕೂ ವೇಷ ಕಟ್ಟಿದೆವು. ದಾವಲಬಿ ಸೂಜಿ ನೋಡಿ, ಪರವಾಗಿಲ್ಲ ಎಂದು ಬರೆದುಕೊಂಡು ಹೋಗುತ್ತಿದ್ದಳು. ನಾನು, ಹಾಡುವವನೇ ಆದರೂ, ಮರೆಯಲ್ಲಿ ನನ್ನ ಚಿಟಿಕೆ ತಿನ್ನುತ್ತಿದ್ದೆ. ಗುಡುಗಿಗೆ ಎಂಥ ಶ್ರುತಿ. ನೀಲಗಂಗವ್ವ ಒಬ್ಬಳೇ ಒಂದು ದಿನವೂ ತಪ್ಪದೆ ನಿಯಮ ಪಾಲಿಸಿದಳು. ಅವಳನ್ನು ನೋಡಿ, ಹದಿಮೂರರ ನನ್ನ ಸುವ್ವಿಯೂ ತಾಯಿಯ ಹಾಗೆ ಚಿಟಿಕೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಲು ಕಲಿತಳು.

ಸಭಿಕರೇ, ಮೈ ಮೊದಲೇ ಹೇಳುತ್ತದೆ. ನಮಗೆ ಕೇಳುವ ಕಿವಿ ಇರಲಿಲ್ಲ. ಎರಡು ವರ್ಷದ ಹಿಂದೆ ಒಂದು ದಿನ ಅಡುಗೆಯವನು ಸಾರಿಗೆ ಉಪ್ಪು ಹಾಕುವುದನ್ನು ಮರೆತ. ಇಡೀ ಪಂಗ್ತಿ ತಾಟು ಬಡಿಯಿತು. ನೀಲಗಂಗವ್ವ ಮಾತ್ರ ಸುಮ್ಮನೆ ಉಂಡು, ರುಚಿ ಆಗೇದಲ್ಲ ಎಂದಳು. ನಿನ್ನ ನಾಲಿಗೆ ಹಾಡುವುದಕ್ಕೆ ಅಷ್ಟೇ, ಉಣ್ಣುವುದಕ್ಕಲ್ಲ ಎಂದು ನಾನು ನಗಾಡಿದೆ, ಎಲ್ಲರೂ ನಕ್ಕರು, ಅವಳೂ ನಕ್ಕಳು. ಸತು ಇಳಿದರೆ ಮೊದಲು ರುಚಿ ಹೋಗುತ್ತದೆಯಂತೆ. ಕಿರೀಟದ ದಾರ ಹಣೆಗೆ ಕೊರೆದ ಗಾಯ ಎರಡು ತಿಂಗಳು ಮಾಯಲಿಲ್ಲ. ಅದರ ಮೇಲೆ ಬಣ್ಣ ಮೆತ್ತಿದೆವು. ಕೂದಲು ಉದುರಿತು; ಮೇಲೆ ಚೌರಿ ಕಟ್ಟಿದೆವು. ಮುಖ ಬಿಳಿಚಿತು, ಅದಕ್ಕೂ ಬಣ್ಣ. ಬೇರೆ ಮನೆಯ ಹೆಂಗಸಾಗಿದ್ದರೆ ಓಣಿಯವರಾದರೂ ಕಂಡು ಕೇಳುತ್ತಿದ್ದರು. ನಮ್ಮಲ್ಲಿ ಮರೆಮಾಚುವುದೇ ಕಸುಬು, ಕಸುಬು ಚೆನ್ನಾಗಿ ಮಾಡಿದೆವು.

ಫೆಬ್ರವರಿಯ ಎರಡನೆಯ ವಾರ ಅವಳಿಗೆ ಕೆಮ್ಮು ಬಂತು. ಮಂಡಳಿಯಲ್ಲಿ ಹನ್ನೊಂದು ಜನರಿಗೆ ಬಂದಿತ್ತು. ಹತ್ತು ಜನ ಮೂರು ದಿನ ಮಲಗಿ, ನಾಲ್ಕನೆಯ ದಿನ ಮೂಗು ಒರೆಸಿಕೊಂಡು ಬಣ್ಣ ಹಚ್ಚಲು ಕೂತರು. ಅವಳದು ಮೂರನೆಯ ದಿನ ಎದೆಗಿಳಿಯಿತು. ದಾವಲಬಿ ಗಾಳಿಪೆಟ್ಟಿಗೆ ತಂದು ಮೂಗಿಗೆ ನಳಿಗೆ ಹಚ್ಚಿದಳು, ಬೆರಳು ಚುಚ್ಚಿ ನೋಡಿದಳು, ಸೂಜಿಯನ್ನು ಕೊಡವಿ ಮತ್ತೆ ಚುಚ್ಚಿದಳು. ಆ ಹೆಂಗಸಿನ ಮುಖದಿಂದ ಚೇಷ್ಟೆ ಇಳಿದುಹೋದದ್ದನ್ನು ನಾನು ಮೊದಲ ಸಲ ನೋಡಿದೆ. ಎಷ್ಟು ದಿನದಿಂದ ತಿಂದಿಲ್ಲ ಎಂದು ಕೇಳಿದಳು. ಸುವ್ವಿಯೇ ಹೆಮ್ಮೆಯಿಂದ ಪದ್ಧತಿಯನ್ನು ವಿವರಿಸಿದಳು.

ಆಗ ನಾನು ಮಾಡಿದ ಕೆಲಸ ಕೇಳಿ. ಓಡಿಹೋಗಿ ಡಬ್ಬಿ ತಂದು, ಬಿಟ್ಟ ಚಿಟಿಕೆಗಳನ್ನೆಲ್ಲ ಒಂದೇ ಸಲಕ್ಕೆ ನೀರಲ್ಲಿ ಕಲಸಿ ಅವಳ ಬಾಯಿಗೆ ಹಿಡಿದೆ. ಎರಡು ಗುಟುಕು ಇಳಿದು ಎಲ್ಲ ವಾಂತಿಯಾಯಿತು. ದಾವಲಬಿ ನನ್ನ ರಟ್ಟೆ ಹಿಡಿದು ಹೊರಗೆ ಎಳೆದು ತಂದಳು. ಅವಳು ಅವತ್ತು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ಯಾಕೆಂದರೆ ನನಗೆ ಅದು ನಾಟಕವಾಗಿಯೇ ಅರ್ಥವಾಯಿತು. ಎದೆಯೆಲುಬಿನ ಹಿಂದೆ ಒಂದು ಸಣ್ಣ ಗರಡಿಮನೆ ಇದೆ. ಮೈಯನ್ನು ಕಾಯುವ ಪೈಲವಾನರು ಅಲ್ಲಿ ತಯಾರಾಗುತ್ತಾರೆ. ಯಾರು ನಮ್ಮವರು, ಯಾರು ವೇಷ ಹಾಕಿ ಬಂದ ವೈರಿ ಎಂದು ಗುರುತಿಸುವ ವಿದ್ಯೆಯನ್ನು ಅಲ್ಲಿಯೇ ಕಲಿಯುತ್ತಾರೆ. ಆ ಗರಡಿಯ ಉಸ್ತಾದನೇ ಸತು. ಉಸ್ತಾದನಿಲ್ಲದ ಗರಡಿಯಿಂದ ಬರುವವರು ಕಡಿಮೆ, ಬಂದವರು ಅರೆಗಲಿತವರು. ವೈರಿ ಬಾಗಿಲಿಗೆ ಬಂದಾಗ ಅವರು ಮಲಗಿರುತ್ತಾರೆ. ಅವನು ಆರು ಬಾಗಿಲು ದಾಟಿದ ಮೇಲೆ ಎಚ್ಚೆತ್ತು, ಗಾಬರಿಯಲ್ಲಿ ಪಂಜು ಹಿಡಿದು ಓಡಾಡಿ ತಮ್ಮ ಕೋಟೆಗೇ ಬೆಂಕಿ ಹಚ್ಚುತ್ತಾರೆ. ಆ ಬೆಂಕಿಯನ್ನು ಅಂಕೆಯಲ್ಲಿಡುವುದಕ್ಕೆ ಸೆಲೆನಿಯಂ ಬೇಕು, ಅದೂ ಚಿಟಿಕೆಯಲ್ಲಿಯೇ ಇತ್ತು. ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ: ಮೈಯೊಳಗೆ ಸತುವಿಗೆ ಹಗೇವು ಇಲ್ಲ. ಜೋಳವನ್ನು ತುಂಬಿಟ್ಟ ಹಾಗೆ ಅದನ್ನು ತುಂಬಿಡಲು ಬರುವುದಿಲ್ಲ. ಇವತ್ತಿನದು ಇವತ್ತಿಗೆ, ನಾಳೆಯದು ನಾಳೆಗೆ. ವರ್ಷದ ಉಸಿರನ್ನು ಒಂದೇ ದಿನ ಎಳೆದುಕೊಳ್ಳಲಾದೀತೇ ಎಂದು ಅವಳು ಕೇಳಿದಳು.

ಆಮೇಲೆ ಅವಳ ಕಣ್ಣು ಬಣ್ಣದ ಪೆಟ್ಟಿಗೆಯ ಮೇಲೆ ಬಿತ್ತು. ಅದರಲ್ಲಿ ಸಫೇದಾ ಇತ್ತು. ಸಫೇದಾ ನಿಮಗೂ ಗೊತ್ತಿರಬೇಕು. ಬಣ್ಣ ಹಚ್ಚುವ ಮೊದಲು ಮುಖಕ್ಕೆ ಬಳಿಯುವ ಬಿಳಿ ಪುಡಿ. ನಿಮ್ಮ ಕಾಲದಿಂದ ನಮ್ಮ ಕಾಲಕ್ಕೆ ಬದಲಾಗದೆ ಬಂದ ಕೆಲವೇ ವಸ್ತುಗಳಲ್ಲಿ ಅದೊಂದು. ಇಪ್ಪತ್ತೈದು ವರ್ಷ ನೀಲಗಂಗವ್ವನ ಮುಖಕ್ಕೆ ಅದನ್ನು ನಾನೇ ಕೈಯಾರೆ ಬಳಿದಿದ್ದೇನೆ. ನಮ್ಮ ಪ್ರೀತಿಯೆಲ್ಲ ಆ ಕಾಲುಗಂಟೆಯಲ್ಲಿತ್ತು. ದಾವಲಬಿ ಒಂದು ಬೆರಳು ಅದರಲ್ಲಿ ಅದ್ದಿ ನನ್ನ ಮುಂದೆ ಹಿಡಿದಳು.

"ಕಾಕಾ, ಇದು ಏನಂತ ಗೊತ್ತೈತೇನು ನಿಮಗ? ಸತುನ ಇದು. ಸತು ಸುಟ್ಟ ಬೂದಿ. ದಿನಾ ಬಳದ್ರಿ. ತೊಗಲ ಮ್ಯಾಲ ಬಳದದ್ದು ಒಳಗ ಇಳಿಯಂಗಿಲ್ಲ."

ನಾನು ಪೆಟ್ಟಿಗೆಯ ಮುಚ್ಚಳ ಹಾಕಿದೆ. ಹೊರಗೆ ಬಳಿದ ಕೈಯೂ ನನ್ನದು, ಒಳಗೆ ಬಿಡಿಸಿದ ನಾಲಿಗೆಯೂ ನನ್ನದು.

ಕೆಮ್ಮು ಹತ್ತಿದ ಒಂಬತ್ತನೆಯ ದಿನ ಮಧ್ಯಾಹ್ನ ತಂಪುಮನೆಯಲ್ಲಿ ಆಟವಿರಲಿಲ್ಲ. ಐದು ಸಾವಿರ ಜನ ಸುಮ್ಮನೆ ಕೂತಿದ್ದರು. ಅವಳ ಗಾಳಿಪೆಟ್ಟಿಗೆಯ ಸದ್ದು ಪರದೆಯ ಆಚೆಗೂ ಕೇಳಿಸುತ್ತಿತ್ತು. ಸುವ್ವಿ ನೀರು ತರಲು ಹೋದಾಗ ನೀಲಗಂಗವ್ವ ನಳಿಗೆಯನ್ನು ಸ್ವಲ್ಪ ಸರಿಸಿದಳು. ಒಂದೊಂದು ಮಾತಿಗೂ ನಿಂತು ನಿಂತು ಹೇಳಿದಳು.

"ಅವತ್ತ ನೀವು ಶ್ರುತಿ ಏರಿಸಿದ್ದು ನನಗ ಗೊತ್ತಿತ್ರಿ."

ಸಭಿಕರೇ, ಇದೇ ನಾನು ಮುಚ್ಚಿಟ್ಟ ಬಾಗಿಲು. ತೆರೆಯುತ್ತೇನೆ. ಏಳನೆಯ ಬಾಗಿಲಿನ ಪದವನ್ನು ನಾವು ಯಾವಾಗಲೂ ಪೇಟಿಯ ಕರಿ ಮೂರರಲ್ಲಿ, ಅಂದರೆ ಮೂರನೆಯ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡುತ್ತಿದ್ದೆವು. ಅದು ಅವಳ ಕಂಠಕ್ಕೆ ಅಳತೆ ಕೊಟ್ಟು ಹೊಲಿಸಿದ ಕುಪ್ಪಸ. ಅವಳ ಪದ ಮುಗಿದ ಕೂಡಲೇ ಅದೇ ಶ್ರುತಿಯಲ್ಲಿ ನನ್ನ ಪದ ಬರುತ್ತದೆ. ಆ ದಿನ ಮುಂದಿನ ಸಾಲಿನ ದೊಡ್ಡ ಮಂದಿಯ ಎದುರಿಗೆ, ಈ ವಯಸ್ಸಿನಲ್ಲಿಯೂ ಅಡಿವೆಪ್ಪ ಕರಿ ನಾಲ್ಕರಲ್ಲಿ ಹಾಡುತ್ತಾನೆ ಎಂದು ಅನಿಸಿಕೊಳ್ಳುವ ಆಸೆ ನನಗೆ. ಪರದೆಯ ಮರೆಯಿಂದ ಪೇಟಿ ಮಾಸ್ತರರಿಗೆ ಬೆರಳೆತ್ತಿ ತೋರಿಸಿದೆ. ಮಾಲೀಕನ ಬೆರಳು, ಅವರು ಒಂದು ಮನೆ ಏರಿಸಿದರು. ಅವಳಿಗೆ ಹೇಳಲಿಲ್ಲ. ಅವಳ ದನಿ ಹರಿಯಿತು, ನನ್ನದು ಗುಡುಗಿತು, ನನಗೆ ಚಪ್ಪಾಳೆ ಬಿತ್ತು. ಚಿಟಿಕೆ ಪಾಪ ಏನೂ ಮಾಡಿರಲಿಲ್ಲ. ಪೇಟಿ ಮಾಸ್ತರರು ಹೋದ ವರ್ಷ ತೀರಿಹೋದರು. ಆ ಗುಟ್ಟು ನನ್ನೊಬ್ಬನದೇ ಎಂದುಕೊಂಡಿದ್ದೆ.

ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ಕೇಳಬಾರದಿತ್ತು, ಅವಳಿಗೆ ಉಸಿರು ಸಾಲುತ್ತಿರಲಿಲ್ಲ.

"ಹತ್ತ ಮಂದ್ಯಾಗ ನೀವು ಚಿಟಿಕಿ ಮ್ಯಾಲ ಹಾಕಿದ್ರಿ. ನಾ ಅಲ್ಲ ಅಂದಿದ್ರ ರಾಜಾನ ಕಿರೀಟ ಇಳೀತಿತ್ತು. ಇಳೀಲಿಲ್ಲ, ಹೋಗ್ಲಿ ಬಿಡ್ರಿ. ಸುವ್ವಿಗೆ ಮಾತ್ರ ಖರೇ ಹೇಳ್ರಿ."

ಹೇಳುತ್ತೇನೆ ಎಂದು ಅವಳ ಕೈ ಮೇಲೆ ಕೈ ಇಟ್ಟೆ. ಸುವ್ವಿ ನೀರು ತಂದಳು. ಸೂರ್ಯ ಇಳಿದು ಜನ ಮೆಟ್ಟಿಲು ಹತ್ತುವ ಹೊತ್ತಿಗೆ ಗಾಳಿಪೆಟ್ಟಿಗೆ ನಡೆಯುತ್ತಲೇ ಇತ್ತು, ಅದರ ಗಾಳಿ ತೆಗೆದುಕೊಳ್ಳುವವರು ಇರಲಿಲ್ಲ.

ಅವಳು ತೀರಿಕೊಂಡ ನಾಲ್ಕನೆಯ ದಿನ ದಾವಲಬಿ ಬಂದಳು. ಚಿಟಿಕೆ ತಿಂದಿದ್ದರೆ ಅವಳು ಉಳಿಯುತ್ತಿದ್ದಳೇ ಎಂದು ನಾನು ಕೇಳಿದೆ. ಹೌದು ಎಂದರೆ ನಾನು ಕೊಲೆಗಾರ, ಇಲ್ಲ ಎಂದರೆ ಬಿಡುಗಡೆ. ಆ ಹೆಂಗಸು ಎರಡನ್ನೂ ಕೊಡಲಿಲ್ಲ.

"ತಿಂದವರೂ ಸತ್ತಾರ ಕಾಕಾ. ಚಿಟಿಕಿ ಏನು ಸಂಜೀವಿನಿ ಅಲ್ಲ. ತಿಂದಿದ್ರ ಬಾಗಲಾ ಹಾಕಿರತಿತ್ತು. ಹಾಕಿದ ಬಾಗಲಾನೂ ಒಮ್ಮೊಮ್ಮೆ ಮುರೀತದ. ಆದ್ರ ಇಕಿಂದು ತೆರದ ಇತ್ತು."

ಇದಕ್ಕಿಂತ ಘೋರವಾದ ತೀರ್ಪನ್ನು ನಾನು ಯಾವ ನಾಟಕದ ಯಾವ ದರಬಾರಿನಲ್ಲಿಯೂ ಕೇಳಿಲ್ಲ.

ಈಗ ಸುವ್ವಿ. ನನ್ನ ಮಗಳಿಗೆ ಹತ್ತೊಂಬತ್ತು. ತಾಯಿಯ ಕಂಠ, ನನ್ನ ಹಟ. ಯುಗಾದಿಯ ಹೊತ್ತಿಗೆ ಇಳಕಲ್ಲಿನಲ್ಲಿ ಹೊಸ ಕ್ಯಾಂಪು, ರಾಣಿಯ ಪಾತ್ರ ಅವಳದೇ ಎಂದು ಮಂಡಳಿ ತೀರ್ಮಾನಿಸಿದೆ. ಗಾಳಿ ತಿರುಗಲು ಇನ್ನು ಮೂರು ವಾರ. ಉಸಿರುಬ್ಯಾನಿ ತನ್ನ ದೊಡ್ಡ ಸೈನ್ಯದೊಂದಿಗೆ ಆಗ ಬರುತ್ತದೆ. ಏಳನೆಯ ದಿನ ದಾವಲಬಿ ಅಂಬಲಿಯ ಬಟ್ಟಲಿಗೆ ಚಿಟಿಕೆ ಉದುರಿಸಿ ಅವಳ ಮುಂದಿಟ್ಟಳು. ಸುವ್ವಿ ಅದನ್ನು ಎರಡೂ ಕೈಯಿಂದ ಎತ್ತಿ, ಕಣ್ಣಿಗೊತ್ತಿಕೊಂಡು, ತಾಯಿಯ ಫೋಟೋದ ಮುಂದೆ ಇಟ್ಟುಬಂದಳು.

"ಅವ್ವ ಮುಟ್ಟದ್ದನ್ನ ನಾ ಮುಟ್ಟಂಗಿಲ್ಲಪ್ಪಾ. ಆಕಿ ಕಂಠ ನನಗ ಬಂದೈತಿ. ಆಕಿ ವ್ರತಾನೂ ನನಗ ಬರಲಿ."

ಮಂಡಳಿಯವರು ಕಣ್ಣೊರೆಸಿಕೊಂಡರು. ತಾಯಿಗೆ ತಕ್ಕ ಮಗಳು ಎಂದರು. ನಾನು ಮಾಡಿದ ಸುಳ್ಳು ಆರು ವರ್ಷದಲ್ಲಿ ಪದ್ಧತಿಯಾಗಿ, ಏಳು ದಿನದಲ್ಲಿ ವ್ರತವಾಗಿ, ನನ್ನ ಕಣ್ಣೆದುರಿಗೆ ಕುಂಕುಮ ಹಚ್ಚಿಕೊಂಡು ನಿಂತಿತು. ಅವಳ ಬಲಗೈ ಬೆರಳಿಗೆ ಬಟ್ಟೆ ಸುತ್ತಿದೆ. ಸೆರಗಿಗೆ ಜರಿ ಹೊಲಿಯುವಾಗ ಸೂಜಿ ಚುಚ್ಚಿದ ಗಾಯ. ಇಪ್ಪತ್ತು ದಿನವಾಯಿತು, ಮಾಗಿಲ್ಲ. ನಿನ್ನೆ ಸಾರು ಹೇಗಿದೆ ಎಂದು ಕೇಳಿದೆ. ನಾನೇ ಬೇಕೆಂದು ಉಪ್ಪು ಹಾಕಿಸಿರಲಿಲ್ಲ. ಛಲೋ ಐತಿ ಎಂದಳು. ನಾನು ಎದ್ದು ಹೊರಗೆ ಹೋಗಿ ಬಿಸಿಲಿನಲ್ಲಿ ನಿಂತೆ, ಕಾಲು ಸುಡುವವರೆಗೆ ನಿಂತೆ.

ಹತ್ತು ದಿನ ಬಾಯಿ ಬಿಡಲಾಗಲಿಲ್ಲ ನನಗೆ. ರಾಜನ ಮಾತು ಎಷ್ಟು ಬೇಕಾದರೂ ಬಾಯಿಪಾಠ ಇದೆ, ಗಂಡನ ಮಾತು ಒಂದೂ ಬರುವುದಿಲ್ಲ. ಮಗಳ ಎದುರಿಗೆ ಹೋಗಿ ಕೂತರೆ ಹವಾಮಾನದ ಬಗ್ಗೆ ಮಾತಾಡಿ ಎದ್ದು ಬರುತ್ತೇನೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ, ನನ್ನ ಹಿಂದಿನವರೇ. ನಿಮ್ಮ ಕಡೆ ಮುಖ ಮಾಡಿ ಹೇಳಿದರೆ ಪಕ್ಕದಲ್ಲಿ ಕೂತ ಮಗಳಿಗೂ ಕೇಳಿಸುತ್ತದೆ. ನಾಟಕದವರಿಗೆ ಇದೊಂದೇ ದಾರಿ ಗೊತ್ತು.

ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ನಿಮ್ಮ ಮಣ್ಣಿನಲ್ಲಿ ಇನ್ನೂ ಸಾರವಿದೆ. ತೆಗೆದುಕೊಂಡಷ್ಟರಲ್ಲಿ ಸ್ವಲ್ಪವನ್ನಾದರೂ ಮರಳಿ ಹಾಕಿ. ರಾಗಿಯನ್ನು ಮೊಳಕೆ ಕಟ್ಟಿ, ಹಿಟ್ಟನ್ನು ಹುಳಿ ಬರಿಸಿ ಉಣ್ಣುತ್ತಿದ್ದಿರಂತೆ. ಕಾಳು ತನ್ನೊಳಗೆ ಬಿಗಿಹಿಡಿದ ಸತುವನ್ನು ಬಿಟ್ಟುಕೊಡುವುದು ಹಾಗೆ ಮಾಡಿದಾಗಲೇ ಎಂದು ದಾವಲಬಿ ಹೇಳುತ್ತಾಳೆ. ನಿಮ್ಮ ಅಜ್ಜಿಯರು ಕಾರಣ ತಿಳಿಯದೆ ಮಾಡಿದ ಒಳ್ಳೆಯದನ್ನು ನೀವು ಅವಸರದಲ್ಲಿ ಬಿಡಬೇಡಿ. ನಿಮ್ಮ ಮನೆಯಲ್ಲಿ ಯಾರಾದರೂ ಉಪ್ಪಿಲ್ಲದ ಸಾರನ್ನು ಚೆನ್ನಾಗಿದೆ ಎಂದರೆ ನಗಬೇಡಿ, ಅವರ ಮುಖವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಇನ್ನು ಯಾವುದಾದರೂ ಪದ್ಧತಿ ನಿಮ್ಮ ತಾಟಿನಿಂದ ಒಂದು ತುತ್ತನ್ನು ಕಿತ್ತುಕೊಳ್ಳುತ್ತಿದ್ದರೆ, ಅದನ್ನು ಮೊದಲು ಯಾರು ಹೇಳಿದರು, ಅವತ್ತು ಅವರು ಏನನ್ನು ಮುಚ್ಚಿಡುತ್ತಿದ್ದರು ಎಂದು ಕೇಳಿ. ಹೆಚ್ಚಿನ ಸಲ ಅಲ್ಲೊಬ್ಬ ರಾಜ ಸಿಗುತ್ತಾನೆ, ಕಿರೀಟವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು.

ನೀಲಗಂಗವ್ವ, ನೀನೂ ಈಗ ಹಿಂದಿನವರ ಸಾಲಿನಲ್ಲಿ ಕೂತಿರುವೆ. ಜಮಖಾನೆಯ ಮೇಲೆ ಮುಂದೆಯೇ ಜಾಗ ಹಿಡಿದಿರಬೇಕು. ಕೇಳು.

ನಾಳೆ ಬೆಳಿಗ್ಗೆ, ಜನ ಮೆಟ್ಟಿಲು ಇಳಿದು ಕೂತ ಮೇಲೆ, ನಾನು ಈ ಓಲೆಯನ್ನು ಬಣ್ಣವಿಲ್ಲದ ಮುಖದಿಂದ, ಕಿರೀಟವಿಲ್ಲದ ತಲೆಯಿಂದ ಓದುತ್ತೇನೆ. ಒಂದು ಸಾಲನ್ನೂ ನುಂಗುವುದಿಲ್ಲ. ಓದಿ ಮುಗಿಸಿ, ಅಂಬಲಿಯ ಎರಡು ಬಟ್ಟಲಿಗೆ ಎರಡು ಚಿಟಿಕೆ ಉದುರಿಸುತ್ತೇನೆ. ಒಂದನ್ನು ಎಲ್ಲರ ಎದುರಿಗೆ ನಾನು ಕುಡಿಯುತ್ತೇನೆ, ಇನ್ನೊಂದನ್ನು ಸುವ್ವಿಯ ಮುಂದೆ ಹಿಡಿದು ನಿಲ್ಲುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಮುಖ ತಿರುಗಿಸಿದರೆ ಆ ಕಡೆಗೆ ಹೋಗಿ ನಿಲ್ಲುತ್ತೇನೆ, ಬಿಸಿಲು ಏರಿ ಇಳಿಯುವವರೆಗೂ ಬಟ್ಟಲನ್ನು ಕೆಳಗಿಡುವುದಿಲ್ಲ. ಅವಳು ಕುಡಿದ ಮೇಲೆ ಏಳನೆಯ ಬಾಗಿಲಿನ ಪದ ಹಾಡು ಮಗಳೇ ಎನ್ನುತ್ತೇನೆ. ಪೇಟಿಗೆ ನಾನೇ ಕೂರುತ್ತೇನೆ, ಕರಿ ಮೂರಕ್ಕೆ ಬೆರಳಿಟ್ಟು.